ಹದಿನಾರಾಣೆಯಿಂದ ನೂರು ಪೈಸೆಗೆ

ನಾಯಕತ್ವವನ್ನು ಕುರಿತು ಮಾತು ಬಂದಾಗ ನಾವು ಸಾಮಾನ್ಯವಾಗಿ ದೂರದೃಷ್ಟಿ, ಧೈರ್ಯ, ವಾಕ್ಚಾತುರ್ಯ ಮೊದಲಾದ ಗುಣಗಳನ್ನು ಎಣಿಸುತ್ತೇವೆ. ಹೊಸದನ್ನು ಮೊದಲು ಕಂಡವನು ನಾಯಕನೆಂದೂ, ಹಳೆಯದನ್ನು ಬಿಡಲೊಲ್ಲದವರು ಜನಸಾಮಾನ್ಯರೆಂದೂ, ಇವರನ್ನು ಅವನು ಎಬ್ಬಿಸಿ ನಡೆಸುವುದೇ ಪರಿವರ್ತನೆಯೆಂದೂ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ನೆಲೆನಿಂತಿದೆ. ಈ ಚಿತ್ರದಲ್ಲಿ ಕಾಣದೆ ಹೋಗುವ ಕೆಲಸವೊಂದುಂಟು: ಹಳೆಯ ಪದ್ಧತಿಯಲ್ಲಿಯೇ ಅಂಗಡಿಯ ಲೆಕ್ಕ, ಸಂಬಳ, ಸಾಲ, ಬಾಡಿಗೆಗಳನ್ನೆಲ್ಲ ನಡೆಸಿಕೊಂಡು ಬಂದಿರುವ ಜನರನ್ನು, ಅವರ ನಿತ್ಯದ ವ್ಯವಹಾರ ಒಂದು ದಿನವೂ ನಿಲ್ಲದಂತೆ, ಹೊಸದಕ್ಕೆ ದಾಟಿಸುವ ಕೆಲಸ. ಕಾಣುವ ಶಕ್ತಿ ಅನೇಕರಿಗಿರುತ್ತದೆ. ದಾಟಿಸುವ ಶಕ್ತಿ ವಿರಳ. ಇವೆರಡಕ್ಕೂ ಇರುವ ಅಂತರ ಎಷ್ಟೆಂಬುದನ್ನು ತಿಳಿಯಬೇಕಾದರೆ, ನಮ್ಮ ದೇಶದಲ್ಲಿಯೇ ನಡೆದು, ಯಶಸ್ವಿಯಾದ ಕಾರಣದಿಂದಲೇ ಈಗ ಯಾರ ನೆನಪಿನಲ್ಲಿಯೂ ಉಳಿಯದಿರುವ ಒಂದು ದೊಡ್ಡ ಬದಲಾವಣೆಯನ್ನು ನೋಡಬೇಕು. ಹದಿನಾರಾಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾದದ್ದು, ಸೇರು ಮಣಗಳು ಹೋಗಿ ಕಿಲೋಗ್ರಾಂ ಬಂದದ್ದು, ಅಂಥ ಬದಲಾವಣೆ.

ಹಳೆಯ ಪದ್ಧತಿಯನ್ನು ಮೊದಲು ನ್ಯಾಯವಾಗಿ ನೋಡೋಣ. ಒಂದು ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಕಾಸು. ಒಟ್ಟಿನಲ್ಲಿ ರೂಪಾಯಿಗೆ 64 ಪೈಸೆ, 192 ಕಾಸು. ಇಂದಿನ ವಿದ್ಯಾರ್ಥಿಗೆ ಇದು ಅರ್ಥವಿಲ್ಲದ ಗೊಂದಲವಾಗಿ ತೋರಬಹುದು. ಆದರೆ ಇದನ್ನು ಬಳಸುತ್ತಿದ್ದವರಿಗೆ ಇದರಲ್ಲಿ ಒಂದು ಸೊಗಸಾದ ಕ್ರಮವಿತ್ತು. ಹದಿನಾರನ್ನು ಅರ್ಧ ಮಾಡಿದರೆ ಎಂಟು, ಮತ್ತೆ ಅರ್ಧ ಮಾಡಿದರೆ ನಾಲ್ಕು, ಎರಡು, ಒಂದು; ಎಲ್ಲಿಯೂ ಭಿನ್ನರಾಶಿಯ ತೊಡಕಿಲ್ಲ. ಕಾಲು ರೂಪಾಯಿಯ ಅರ್ಧವನ್ನು ಹತ್ತರ ಲೆಕ್ಕದಲ್ಲಿ ಹೇಳಹೊರಟರೆ ಹನ್ನೆರಡೂವರೆ ಪೈಸೆ ಎಂದು ತಡವರಿಸಬೇಕು. ಆಣೆಯ ಲೆಕ್ಕದಲ್ಲಿ ಅದು ನಿಸ್ಸಂದೇಹವಾಗಿ ಎರಡಾಣೆ. ಕಾಸಿನವರೆಗೆ ಇಳಿದರೆ ಮೂರು ಜನ ಸಮಪಾಲು ಮಾಡಿಕೊಳ್ಳುವುದಕ್ಕೂ ಅಡ್ಡಿಯಿರಲಿಲ್ಲ. ಬೆಳ್ಳಿಯ ರೂಪಾಯಿ ಒಂದು ತೊಲ ತೂಗುತ್ತಿದ್ದುದರಿಂದ ನಾಣ್ಯಕ್ಕೂ ತೂಕಕ್ಕೂ ನೇರವಾದ ನಂಟಿತ್ತು. ಮೈಸೂರು ಸೀಮೆಯ ಕಚ್ಚಾ ಸೇರೆಂದರೆ 24 ರೂಪಾಯಿಯ ತೂಕ, ಐದು ಸೇರಿಗೆ ಒಂದು ವೀಸೆ, ಎಂಟು ವೀಸೆಗೆ ಒಂದು ಮಣ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಕೂಲಿಮಠದಲ್ಲಿ ಬಾಯಿಪಾಠ ಮಾಡಿದ್ದ ಅಂಗಡಿಯ ಗುಮಾಸ್ತನು, ಮೂರೂಮುಕ್ಕಾಲು ಸೇರು ಬೆಲ್ಲದ ಬೆಲೆಯನ್ನು ಕಾಗದ ಮುಟ್ಟದೆ ಹೇಳಬಲ್ಲವನಾಗಿದ್ದನು.

ಅಂಥವನ ಎದುರಿಗೆ ಹೊಸ ಪದ್ಧತಿಯನ್ನು ತಂದಿಟ್ಟು ಇದು ಸುಲಭವೆಂದು ಹೇಳಿದರೆ, ಅದು ಸುಲಭವಾಗುವುದು ಆ ವಿದ್ಯೆ ಇಲ್ಲದವರಿಗೆ. ಇದ್ದವನಿಗಾದರೋ ಜೀವಮಾನದ ಪರಿಶ್ರಮದಿಂದ ಗಳಿಸಿದ ಆಸ್ತಿಯೊಂದು ಒಂದೇ ದಿನದಲ್ಲಿ ಬೆಲೆಯಿಲ್ಲದ್ದಾಗುತ್ತದೆ. ಬದಲಾವಣೆಯನ್ನು ವಿರೋಧಿಸುವವರನ್ನು ಅಜ್ಞಾನಿಗಳೆಂದು ಕರೆಯುವುದು ಅಧಿಕಾರದಲ್ಲಿರುವವರಿಗೆ ಸಹಜವಾದ ಅಭ್ಯಾಸ. ವಸ್ತುತಃ ವಿರೋಧ ಬರುವುದು ಬಹುಮಟ್ಟಿಗೆ ಬಲ್ಲವರಿಂದಲೇ. ಹಳೆಯದನ್ನು ಚೆನ್ನಾಗಿ ಬಲ್ಲವನಿಗೆ ಕಳೆದುಕೊಳ್ಳುವುದಕ್ಕೆ ಹೆಚ್ಚು ಇರುತ್ತದೆ.

ಇಷ್ಟಾದರೂ ಹಳೆಯ ಪದ್ಧತಿ ಉಳಿಯಬೇಕಾಗಿತ್ತೆಂದು ಯಾರೂ ವಾದಿಸುವಂತಿರಲಿಲ್ಲ. ಆಣೆಯ ಲೆಕ್ಕಕ್ಕಾದರೆ ದೇಶದ ಬಹುಭಾಗದಲ್ಲಿ ಒಂದು ಏಕರೂಪತೆ ಇತ್ತು. ತೂಕ ಅಳತೆಗಳಲ್ಲಿ ಅದೂ ಇರಲಿಲ್ಲ. ಒಂದೂರಿನ ಸೇರು 24 ತೊಲವಾದರೆ ಇನ್ನೊಂದೂರಿನ ಸೇರು 80 ತೊಲ. ಮೈಸೂರಿನ ಮಣ ಸುಮಾರು 11 ಕಿಲೋಗ್ರಾಂ ತೂಗಿದರೆ, ಬ್ರಿಟಿಷ್ ಸರ್ಕಾರ ಪ್ರಮಾಣವಾಗಿ ಇಟ್ಟುಕೊಂಡಿದ್ದ ಮಣ ಸುಮಾರು 37 ಕಿಲೋಗ್ರಾಂ. ಧಾನ್ಯವನ್ನು ತೂಗುವ ಊರುಗಳಿದ್ದಂತೆ ಅಳೆಯುವ ಊರುಗಳೂ ಇದ್ದವು; ಕೊಳಗ ಖಂಡುಗಗಳ ಸೀಮೆಯಿಂದ ಘಟ್ಟವಿಳಿದು ಹೋದರೆ ಕರಾವಳಿಯಲ್ಲಿ ಮುಡಿಯ ಲೆಕ್ಕ. ಈ ವೈವಿಧ್ಯದಲ್ಲಿ ಕೊಳ್ಳುವವನೂ ಬೆಳೆಯುವವನೂ ಮೋಸಹೋಗುತ್ತಿದ್ದರು. ಎರಡು ಊರುಗಳ ಅಳತೆ ಬಲ್ಲ ನಡುವಿನ ದಲ್ಲಾಳಿಯೊಬ್ಬನೇ ಕೊಬ್ಬುತ್ತಿದ್ದನು.

ಈ ದೋಷವನ್ನು ಕಂಡವರು ಸ್ವತಂತ್ರ ಭಾರತದ ನಾಯಕರೇ ಮೊದಲಿಗರಲ್ಲ. ವೈಸರಾಯ್ ಮೇಯೊನ ಕಾಲದಲ್ಲಿ, 1871ರಲ್ಲಿಯೇ, ತೂಕ ಮತ್ತು ಅಳತೆಗಳ ಶಾಸನವೊಂದು ಅಂಗೀಕೃತವಾಗಿತ್ತು. ಅದರ ಪ್ರಕಾರ ದೇಶಕ್ಕೆಲ್ಲ ಒಂದೇ ಸೇರು ಇರತಕ್ಕದ್ದು. ಆ ಸೇರು ಫ್ರಾನ್ಸಿನ ಕಿಲೋಗ್ರಾಮಿಗೆ ಸಮನಾಗಿರತಕ್ಕದ್ದು. ಅದರ ಮುಂದಿನ ವರ್ಷ ಮೇಯೊ ಅಂಡಮಾನಿನಲ್ಲಿ ಹತನಾದನು. ಅವನ ತರುವಾಯ ಬಂದವರು ಅದನ್ನು ಜಾರಿಗೆ ತರುವ ಗೋಜಿಗೆ ಹೋಗಲಿಲ್ಲ. ಶಾಸನ ರದ್ದಾಗಲಿಲ್ಲ, ನಡೆಯಲೂ ಇಲ್ಲ. ಕಿಲೋಗ್ರಾಂ ಈ ದೇಶದ ಕಾನೂನಿನ ಪುಸ್ತಕವನ್ನು ಸೇರಿ ಎಂಬತ್ತೈದು ವರ್ಷಗಳಾದರೂ ಒಂದು ಅಂಗಡಿಯ ತಕ್ಕಡಿಯನ್ನೂ ಮುಟ್ಟಲಿಲ್ಲ. ನೆರೆಯ ಸಿಂಹಳದಲ್ಲಿ 1872ರಲ್ಲಿಯೇ ರೂಪಾಯಿಗೆ ನೂರು ಸೆಂಟಿನ ಪದ್ಧತಿ ಬಂದಿತು. ಇಲ್ಲಿ 1946ರಲ್ಲಿ ನಾಣ್ಯವನ್ನು ದಶಮಾನಕ್ಕೆ ತರುವ ಮಸೂದೆ ಮಂಡಿತವಾಗಿ, ಅದೂ ನೆನೆಗುದಿಗೆ ಬಿದ್ದಿತು. ಆದುದರಿಂದ ಕಲ್ಪನೆಯ ಅಭಾವ ಎಂದೂ ಇರಲಿಲ್ಲ, ಕಾನೂನಿನ ಅಭಾವವೂ ಇರಲಿಲ್ಲ. ಇಲ್ಲದಿದ್ದದ್ದು ಕಾನೂನಿನ ಪುಟಕ್ಕೂ ತಕ್ಕಡಿಯ ತಟ್ಟೆಗೂ ನಡುವೆ ಇರುವ ದೂರವನ್ನು ಕ್ರಮಿಸುವ ಸಂಕಲ್ಪ.

ಸ್ವಾತಂತ್ರ್ಯ ಬಂದ ವರ್ಷವೇ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯೂ, ಅದರ ಮೊದಲ ನಿರ್ದೇಶಕರಾದ ಲಾಲ್ ಚಂದ್ ವರ್ಮನ್ ಅವರೂ ಈ ವಿಷಯವನ್ನು ಬಿಡದೆ ಹಿಡಿದರು. ಪ್ರಧಾನಿ ನೆಹರೂ ಅವರ ಬೆಂಬಲ ಅದಕ್ಕೆ ದೊರೆಯಿತು. 1955ರಲ್ಲಿ ನಾಣ್ಯಗಳ ತಿದ್ದುಪಡಿಯ ಶಾಸನವೂ, 1956ರ ಕೊನೆಯಲ್ಲಿ ತೂಕ ಅಳತೆಗಳ ಶಾಸನವೂ ಸಂಸತ್ತಿನಲ್ಲಿ ಅಂಗೀಕಾರವಾದವು. ಈ ಸಲ ಕೆಲಸ ನಡೆದ ಬಗೆಯಲ್ಲಿಯೇ ನಾವು ಕಲಿಯಬೇಕಾದದ್ದೆಲ್ಲ ಇದೆ.

ಮೊದಲನೆಯದಾಗಿ, ಏನನ್ನು ಬದಲಾಯಿಸಬಾರದು ಎಂಬುದನ್ನು ಅವರು ನಿಶ್ಚಯಿಸಿಕೊಂಡರು. ರೂಪಾಯಿಯನ್ನು ಮುಟ್ಟಲಿಲ್ಲ. ಅದರ ಹೆಸರು, ಅದರ ಬೆಲೆ, ನೋಟುಗಳ ಮೇಲಿದ್ದ ಅಂಕೆ ಇವೆಲ್ಲ ಇದ್ದಂತೆಯೇ ಉಳಿದವು. ಬದಲಾದದ್ದು ರೂಪಾಯಿಯ ಒಳಗಿನ ಭಾಗ ಮಾತ್ರ. ಇದರ ಪರಿಣಾಮವನ್ನು ಯೋಚಿಸಿ ನೋಡಿ: ಸಂಬಳ, ಸಾಲಪತ್ರ, ಬ್ಯಾಂಕಿನ ಠೇವಣಿ, ಜಮೀನಿನ ಕ್ರಯ, ಇವುಗಳಲ್ಲಿ ಒಂದನ್ನೂ ಮತ್ತೆ ಬರೆಯಬೇಕಾಗಲಿಲ್ಲ. ದೊಡ್ಡ ಮೊತ್ತಗಳ ವಿಷಯದಲ್ಲಿ ಜನಕ್ಕೆ ಯಾವ ಆತಂಕವೂ ಇರಲಿಲ್ಲ. ತೊಡಕೆಲ್ಲ ಚಿಲ್ಲರೆಗೆ ಸೀಮಿತವಾಯಿತು. ಆ ಚಿಲ್ಲರೆಯಲ್ಲಿಯೂ ಎಂಟಾಣೆ ಸರಿಯಾಗಿ 50 ಪೈಸೆಗೂ ನಾಲ್ಕಾಣೆ 25 ಪೈಸೆಗೂ ಸಮನಾಗಿದ್ದುದರಿಂದ ಹಳೆಯ ನಾಣ್ಯಗಳು ಹೊಸ ಲೆಕ್ಕದಲ್ಲಿಯೂ ಸಲೀಸಾಗಿ ಓಡಾಡಿದವು. 1957ರಲ್ಲಿ ಒಂದು, ಎರಡು, ಐದು, ಹತ್ತು, ಇಪ್ಪತ್ತೈದರ ಹೊಸ ನಾಣ್ಯಗಳು ಬಂದರೂ, ಐವತ್ತು ಪೈಸೆಯ ನಾಣ್ಯ ಬಂದದ್ದು 1960ರಲ್ಲಿ. ಹೊಸ ರೂಪಾಯಿ ನಾಣ್ಯ 1962ರಲ್ಲಿ. ಹಳೆಯದರಿಂದಲೇ ಕೆಲಸ ನಡೆಯುವ ಕಡೆ ಹೊಸದಕ್ಕಾಗಿ ಅವಸರಪಡಲಿಲ್ಲ.

ಎರಡನೆಯದಾಗಿ, ಒಂದು ದಿನವನ್ನು ಗೊತ್ತುಮಾಡಿ, ಅದನ್ನು ಮುಂದೂಡಲಿಲ್ಲ. 1957ರ ಏಪ್ರಿಲ್ 1, ಸರ್ಕಾರದ ಲೆಕ್ಕದ ವರ್ಷ ಆರಂಭವಾಗುವ ದಿನ. ಅಂದಿನಿಂದ ರೂಪಾಯಿಗೆ ನೂರು ಭಾಗ. ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಹೊಸದನ್ನು ನಯಾಪೈಸೆಯೆಂದು ಕರೆದರು. ಆ ಕಾಲದ ಒಂದು ನಯಾಪೈಸೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ತಿಳಿದಿರುತ್ತದೆ: ಕಂಚಿನ ಸಣ್ಣ ದುಂಡು ಬಿಲ್ಲೆ, ಅದರ ಮೇಲೆ ದೊಡ್ಡದಾಗಿ 1 ಎಂಬ ಅಂಕೆ, ಅದರೊಂದಿಗೆ ಇದು ರೂಪಾಯಿಯ ನೂರನೆಯ ಭಾಗವೆಂದು ನಾಗರಿಯಲ್ಲಿ ಒಂದು ಬರಹ. ಹತ್ತರ ನಾಣ್ಯದ ಮೇಲೆ ಹತ್ತನೆಯ ಭಾಗವೆಂದೂ, ಐದರ ಮೇಲೆ ಇಪ್ಪತ್ತನೆಯ ಭಾಗವೆಂದೂ ಹೀಗೆಯೇ ಬರೆದಿತ್ತು. ನಾಣ್ಯವೇ ಲೆಕ್ಕವನ್ನು ಕಲಿಸುವ ಉಪಾಧ್ಯಾಯನಾಗಲಿ ಎಂಬುದು ಉದ್ದೇಶವಿರಬೇಕು. ಕನ್ನಡದ ರೈತನಿಗೆ ಆ ಲಿಪಿ ತಿಳಿಯುತ್ತಿರಲಿಲ್ಲವೆಂಬುದು ನಿಜವೇ; ಆದರೆ ಐದರದು ಚೌಕ, ಹತ್ತರದು ಅಲೆಅಲೆಯಾದ ಅಂಚಿನದು, ಇಪ್ಪತ್ತೈದರದು ದುಂಡು ಎಂದು ಆಕಾರವನ್ನೇ ಬೇರೆ ಬೇರೆ ಮಾಡಿದ್ದರಿಂದ ಓದುಬಾರದವನೂ ಜೇಬಿನಲ್ಲಿ ಕೈಯಿಟ್ಟು ಬೆರಳಿನಿಂದಲೇ ಗುರುತಿಸಬಹುದಾಗಿತ್ತು.

ತೊಡಕು ಇದ್ದದ್ದು ಆಣೆಯಲ್ಲಿ. ಒಂದಾಣೆಗೆ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆಯ ನಾಣ್ಯವಿಲ್ಲ. ಆದಕಾರಣ ಸರ್ಕಾರ ಒಂದು ಕೋಷ್ಟಕವನ್ನು ಹೊರಡಿಸಿತು. ಅರ್ಧ ಅಥವಾ ಅದಕ್ಕಿಂತ ಕಡಿಮೆಯ ಭಿನ್ನವನ್ನು ಬಿಡುವುದು, ಹೆಚ್ಚಿನದನ್ನು ಪೂರ್ಣವಾಗಿ ಎಣಿಸುವುದು. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಇದು ನ್ಯಾಯವಾದ ಸೂತ್ರವೇ. ಆದರೆ ಅಂಗಡಿಯ ಕಟ್ಟೆಯ ಮೇಲೆ ಇದು ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ನೋಡಿ. ಒಂದೊಂದಾಣೆಯ ನಾಲ್ಕು ಸಾಮಾನುಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಕೊಂಡವನು 24 ನಯಾಪೈಸೆ ಕೊಟ್ಟನು. ಒಟ್ಟಿಗೆ ಕೊಂಡವನು 25 ಕೊಟ್ಟನು. ಇಲ್ಲಿ ಲಾಭ ಕೊಳ್ಳುವವನದು, ಅದೂ ಒಂದು ಪೈಸೆಯದು. ಇನ್ನು ಕಾಲಾಣೆಯ, ಅಂದರೆ ಮೂರು ಕಾಸಿನ, ವ್ಯಾಪಾರಕ್ಕೆ ಬನ್ನಿ. ಕಾಲಾಣೆಯೆಂದರೆ ಒಂದೂವರೆ ನಯಾಪೈಸೆಗಿಂತ ಸ್ವಲ್ಪ ಹೆಚ್ಚು. ಕೋಷ್ಟಕದ ಪ್ರಕಾರ ಅದು 2. ಬಡವನು ಕಾಲಾಣೆಗೆ ಕೊಳ್ಳುತ್ತಿದ್ದ ಎಲೆಯಡಿಕೆಗೋ ಉಪ್ಪಿಗೋ ನೂರಕ್ಕೆ 28ರಷ್ಟು ಹೆಚ್ಚಾಗಿ ತೆರಬೇಕಾಯಿತು. ನಾಲ್ಕು ಸಲ ಕಾಲಾಣೆಯ ವ್ಯಾಪಾರ ಮಾಡಿದವನು 8 ನಯಾಪೈಸೆ ಕೊಟ್ಟರೆ, ಅದೇ ಒಂದಾಣೆಯನ್ನು ಒಮ್ಮೆಗೇ ಖರ್ಚುಮಾಡಬಲ್ಲವನು ಕೊಟ್ಟದ್ದು 6.

ಸಮಾಜದಲ್ಲಿ ಯಾವುದೇ ಬದಲಾವಣೆಯ ವೆಚ್ಚ ಹಂಚಿಕೆಯಾಗುವ ರೀತಿ ಬಹುಮಟ್ಟಿಗೆ ಇದೇ. ಸೂತ್ರವನ್ನು ರಚಿಸುವವನು ಸರಾಸರಿಯನ್ನು ನೋಡುತ್ತಾನೆ; ಸರಾಸರಿಯಲ್ಲಿ ಯಾರಿಗೂ ನಷ್ಟವಿಲ್ಲ. ನಷ್ಟವೆಲ್ಲ ಹೋಗಿ ನಿಲ್ಲುವುದು ಅತ್ಯಂತ ಸಣ್ಣ ಪ್ರಮಾಣದಲ್ಲಿ ಬದುಕುವವನ ಬಾಗಿಲಲ್ಲಿ. ಅಂಚೆಯ ಇಲಾಖೆಯಲ್ಲಿಯೂ ಇದರ ಛಾಯೆಯನ್ನು ಕಾಣಬಹುದು. ಮುಕ್ಕಾಲಾಣೆಯ ಕಾರ್ಡಿನ ಬೆಲೆ 5 ನಯಾಪೈಸೆಯಾಯಿತು. 1957ರ ಹೊಸ ಅಂಚೆಚೀಟಿಗಳ ಮಾಲೆಯಲ್ಲಿ 13 ನಯಾಪೈಸೆಯದೆಂಬ ವಿಚಿತ್ರ ಬೆಲೆಯ ಚೀಟಿಯೊಂದಿತ್ತು. ಎರಡಾಣೆಗೆ ಹನ್ನೆರಡೂವರೆಯಾಗುವುದರಿಂದ, ಕೋಷ್ಟಕದ 12ರ ಬದಲು ಮೇಲಕ್ಕೆ ಸರಿಸಿದ್ದರಿಂದ ಹುಟ್ಟಿದ ಸಂಖ್ಯೆ ಅದು. ಹಳೆಯ ದರವನ್ನು ಹೊಸ ಅಂಕೆಯಲ್ಲಿ ಹೇಳಹೊರಟಾಗ ಆಗುವ ಅವಸ್ಥೆ. ಇಂಥ ಅರ್ಧ ಪೈಸೆಗಳಲ್ಲಿ ಜನ ಸರ್ಕಾರದ ಪ್ರಾಮಾಣಿಕತೆಯನ್ನು ಅಳೆಯುತ್ತಾರೆ. ಬಡವನ ಪಾಲಿಗೆ ಬಂದ ಈ ಹೊರೆಯನ್ನು ಕೋಷ್ಟಕ ನೀಗಿಸಲಿಲ್ಲ. ಆದರೆ ಅಚ್ಚಾಗಿ ಎಲ್ಲರಿಗೂ ಕಾಣುವಂತಿದ್ದುದರಿಂದ, ಯಾರು ಎಷ್ಟು ಕೊಡತಕ್ಕದ್ದೆಂಬ ಬಗ್ಗೆ ವಿವಾದಕ್ಕೆ ಒಂದು ಕೊನೆಯಾದರೂ ಇತ್ತು. ಅಂಗಡಿಕಾರನು ಒಂದಾಣೆಗೆ ಏಳು ಕೇಳಿದರೆ ಗಿರಾಕಿಯು ಗೋಡೆಯ ಮೇಲಿನ ಕೋಷ್ಟಕವನ್ನು ತೋರಿಸಬಹುದಾಗಿತ್ತು.

ನಮ್ಮ ನಾಡಿನ ಮಟ್ಟಿಗೆ ಈ ಸಂಕ್ರಮಣಕ್ಕೆ ಇನ್ನೊಂದು ವಿಶೇಷವುಂಟು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ರೂಪುಗೊಂಡು ಐದು ತಿಂಗಳು ತುಂಬುವಷ್ಟರಲ್ಲಿ ನಯಾಪೈಸೆ ಬಂದಿತು. ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದರಾಸಿಗೆ ಸೇರಿದ್ದ ಭಾಗಗಳು, ಕೊಡಗು, ಹೀಗೆ ಐದು ಆಡಳಿತಗಳ ಕಾನೂನು, ಕಡತ, ರೂಢಿಗಳನ್ನು ಹೊಂದಿಸುವ ಕೆಲಸದಲ್ಲಿಯೇ ಅಧಿಕಾರಿಗಳು ಮುಳುಗಿದ್ದರು. ಕಲಬುರಗಿ, ಬೀದರ, ರಾಯಚೂರುಗಳ ಜನರಿಗಂತೂ ನಿಜಾಮರ ಹಾಲಿ ಸಿಕ್ಕಾ ರೂಪಾಯಿಯ ಲೆಕ್ಕ ಇನ್ನೂ ಪೂರ್ತಿ ಮರೆತಿರಲಿಲ್ಲ. ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿ ಎಂಬ ವಿನಿಮಯವನ್ನು ಅವರು ಬಹುಕಾಲ ನಡೆಸಿದ್ದರು. ಆ ನಾಣ್ಯ ಚಲಾವಣೆಯಿಂದ ಸಂಪೂರ್ಣವಾಗಿ ತೊಲಗಿದ್ದು 1959ರಲ್ಲಿ. ಹಾಗೆಂದರೆ ಕೆಲವು ಕಾಲ ಅಲ್ಲಿಯ ವ್ಯಾಪಾರಿಯೊಬ್ಬನು ಹಾಲಿ, ಆಣೆ, ನಯಾಪೈಸೆ ಎಂಬ ಮೂರು ಲೆಕ್ಕಗಳನ್ನು ಏಕಕಾಲದಲ್ಲಿ ತಲೆಯಲ್ಲಿಟ್ಟುಕೊಂಡಿರಬೇಕಾಗಿತ್ತು. ಜನ ಹೊಸದನ್ನು ಕಲಿಯಲಾರರೆಂದು ಹೇಳುವ ಮೇಲಧಿಕಾರಿಗಳು ಈ ವ್ಯಾಪಾರಿಯನ್ನು ಒಮ್ಮೆ ನೆನೆಯುವುದೊಳ್ಳೆಯದು.

ತೂಕದ ವಿಷಯದಲ್ಲಿ ಅನುಸರಿಸಿದ ಕ್ರಮ ಬೇರೆ. ನಾಣ್ಯವನ್ನು ಅಚ್ಚುಹಾಕುವವರು ಸರ್ಕಾರದವರೇ. ಅದನ್ನು ಒಂದೇ ದಿನ ದೇಶಕ್ಕೆಲ್ಲ ಬಿಡಬಹುದು. ತೂಕದ ಕಲ್ಲು ಅಂಗಡಿಕಾರನ ಸ್ವತ್ತು; ಅವನು ಹಣ ಕೊಟ್ಟು ಹೊಸದನ್ನು ಕೊಳ್ಳಬೇಕು; ಅಷ್ಟು ಕಲ್ಲುಗಳನ್ನು ಎರಕಹೊಯ್ಯುವ ಕಾರ್ಖಾನೆಗಳು ಬೇಕು; ಅವನ್ನು ಪರೀಕ್ಷಿಸಿ ಮುದ್ರೆಯೊತ್ತುವ ಇನ್ಸ್‌ಪೆಕ್ಟರುಗಳು ಬೇಕು. ಆದುದರಿಂದ ಇಲ್ಲಿ ಹಂತಹಂತವಾಗಿ ಹೋದರು. 1958ರ ಅಕ್ಟೋಬರಿನಲ್ಲಿ ಆಯ್ದ ಪ್ರದೇಶಗಳಲ್ಲಿಯೂ ಆಯ್ದ ಉದ್ಯಮಗಳಲ್ಲಿಯೂ ಕಿಲೋಗ್ರಾಂ ಬಂದಿತು. ಸ್ವಲ್ಪಕಾಲ ಹಳೆಯದೂ ಹೊಸದೂ ಜೊತೆಯಲ್ಲಿಯೇ ನಡೆಯಲು ಅವಕಾಶವಿತ್ತು. 1962ರ ಏಪ್ರಿಲ್ ಹೊತ್ತಿಗೆ ತೂಕದ ಮಟ್ಟಿಗೆ ದೇಶವೆಲ್ಲ ಹೊಸ ಪದ್ಧತಿಗೆ ಒಳಪಟ್ಟಿತು. ಹೊಸ ಕಬ್ಬಿಣದ ಕಲ್ಲಿಗೆ ಆರು ಮೂಲೆ. ಅದರಲ್ಲಿ ಒಂದು ಕುಳಿ, ಕುಳಿಗೆ ತುಂಬಿದ ಸೀಸ, ಸೀಸದ ಮೇಲೆ ಇನ್ಸ್‌ಪೆಕ್ಟರನ ಮುದ್ರೆ. ಗಿರಾಕಿಯು ದೂರದಿಂದಲೇ ಇದು ಹೊಸ ಕಲ್ಲೆಂದು ಕಾಣಬಹುದಾಗಿತ್ತು, ಹತ್ತಿರ ಬಂದು ಮುದ್ರೆಯನ್ನು ನೋಡಬಹುದಾಗಿತ್ತು. 80 ತೊಲದ ಸೇರು 933 ಗ್ರಾಂ. ಕಿಲೋಗ್ರಾಂ ಹೆಚ್ಚುಕಡಿಮೆ 86 ತೊಲ. ಇವೆರಡೂ ಇಷ್ಟು ಸಮೀಪವಾಗಿದ್ದದ್ದು ಒಂದು ದೃಷ್ಟಿಯಿಂದ ಅನುಕೂಲ, ಇನ್ನೊಂದು ದೃಷ್ಟಿಯಿಂದ ಅಪಾಯ: ಸೇರಿನ ಕಲ್ಲಿನಲ್ಲಿ ತೂಗಿ ಕಿಲೋವಿನ ಬೆಲೆ ಕೇಳಿದರೆ ಕೊಳ್ಳುವವನಿಗೆ ನೂರರಲ್ಲಿ ಏಳರಷ್ಟು ನಷ್ಟ. ಹಳೆಯದೂ ಹೊಸದೂ ಒಟ್ಟಿಗೆ ಇರುವ ಕಾಲವೇ ಮೋಸಕ್ಕೆ ಅತ್ಯಂತ ಪ್ರಶಸ್ತವಾದ ಕಾಲ. ಅದು ಇಲ್ಲದೆ ಜನ ದಾಟಲಾರರು. ಅದು ಉದ್ದವಾದರೆ ಜನ ದೋಚಲ್ಪಡುತ್ತಾರೆ. ಎಷ್ಟು ದಿನ ಎರಡನ್ನೂ ಇರಗೊಡಬೇಕು, ಯಾವ ದಿನ ಹಳೆಯದನ್ನು ಮುಚ್ಚಬೇಕು ಎಂಬ ನಿರ್ಣಯದಲ್ಲಿಯೇ ನಾಯಕನ ವಿವೇಕದ ನಿಜವಾದ ಪರೀಕ್ಷೆ.

ಈ ಕೊನೆಯ ದಿನವನ್ನು ಗೊತ್ತುಮಾಡದೆ ಹೋದರೆ ಏನಾಗುತ್ತದೆಂಬುದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿಯ ಕಾಂಗ್ರೆಸ್ಸು 1975ರಲ್ಲಿ ಮೆಟ್ರಿಕ್ ಪದ್ಧತಿಗೆ ಹೋಗುವ ಶಾಸನವನ್ನು ಮಾಡಿತು. ಆದರೆ ಅದನ್ನು ಇಷ್ಟವಿದ್ದವರು ಅನುಸರಿಸಬಹುದಾದ ಕಾರ್ಯವೆಂದು ಬಿಟ್ಟಿತು. ಅದಕ್ಕಾಗಿ ರಚಿತವಾದ ಮಂಡಲಿಯನ್ನು 1982ರಲ್ಲಿ ವಿಸರ್ಜಿಸಲಾಯಿತು. ಅಲ್ಲಿಯ ದಿನಬಳಕೆಯಲ್ಲಿ ಪೌಂಡು ಮೈಲಿಗಳು ಇಂದಿಗೂ ಇವೆ. ಬ್ರಿಟನ್ನಾದರೋ ತನ್ನ 240 ಪೆನ್ನಿಯ ಪೌಂಡನ್ನು 1971ರ ಫೆಬ್ರವರಿ 15ರಂದು ನೂರು ಪೆನ್ನಿಯದನ್ನಾಗಿ ಮಾಡಿಕೊಂಡಾಗ, ನಮ್ಮ ಹಾಗೆಯೇ ಪೌಂಡನ್ನು ಮುಟ್ಟದೆ ಉಳಿಸಿಕೊಂಡಿತು, ನಮ್ಮ ಹಾಗೆಯೇ ದಿನವನ್ನು ಗೊತ್ತುಮಾಡಿತು, ಹೊಸ ನಾಣ್ಯಗಳ ಮೇಲೆ ಹೊಸದೆಂದು ಅಚ್ಚುಹಾಕಿಸಿತು. ಸಣ್ಣ ವ್ಯಾಪಾರಕ್ಕೆ ತೊಂದರೆಯಾಗದಿರಲೆಂದು ಅರ್ಧ ಪೆನ್ನಿಯ ನಾಣ್ಯವನ್ನೂ ಹೊರಡಿಸಿತು. ಕಾಲಾಣೆಯ ಗಿರಾಕಿಗೆ ನಾವು ಮಾಡದಿದ್ದ ಉಪಕಾರ ಇದು. ನಮ್ಮಲ್ಲಿ 1964ರ ಜೂನ್ 1ರಂದು ನಯಾ ಎಂಬ ವಿಶೇಷಣವನ್ನು ತೆಗೆದುಹಾಕಿದರು. ಏಳು ವರ್ಷಗಳಲ್ಲಿ ಹೊಸದು ಹೊಸದೆನಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲದ ಸ್ಥಿತಿಗೆ ಬಂದಿತ್ತು.

ಆದರೆ ಎಲ್ಲವೂ ಬದಲಾಯಿತೆ? ಇಲ್ಲ, ಬದಲಾಗದೆ ಉಳಿದದ್ದರಿಂದಲೂ ಕಲಿಯತಕ್ಕದ್ದುಂಟು. ಬೆಂಗಳೂರಿನಲ್ಲಿ ನಿವೇಶನವೆಂದರೆ ಇಂದಿಗೂ ಮೂವತ್ತು ನಲವತ್ತು, ಅದೂ ಅಡಿಯಲ್ಲಿ. ಹೂವಾಡಗಿತ್ತಿಯು ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುತ್ತಾಳೆ. ರೈತನ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಬರೆದಿರುವುದು ಎಕರೆ ಗುಂಟೆಗಳಲ್ಲಿ. ನಲವತ್ತು ಗುಂಟೆಗೆ ಒಂದು ಎಕರೆ. ಇದು ಜನರ ಹಠವೆಂದು ಹೇಳಲಾಗದು. ಏಕೆಂದರೆ ಸೇರನ್ನು ಬಿಟ್ಟು ಕಿಲೋವನ್ನು ಹಿಡಿದವರೂ ಇದೇ ಜನ, ಗಜವನ್ನು ಬಿಟ್ಟು ಬಟ್ಟೆಯನ್ನು ಮೀಟರಿನಲ್ಲಿ ಕೊಳ್ಳುತ್ತಿರುವವರೂ ಇವರೇ. ಬೇಳೆಯನ್ನು ವಾರವಾರವೂ ತೂಗುತ್ತಾರೆ; ತೂಗುವ ಕಲ್ಲಿಗೆ ಸರ್ಕಾರದ ಮುದ್ರೆಯುಂಟು, ತಪ್ಪಿದವರಿಗೆ ದಂಡವುಂಟು. ಜಮೀನನ್ನಾದರೋ ಒಂದು ತಲೆಮಾರಿನಲ್ಲಿ ಒಮ್ಮೆಯೋ ಎರಡು ಸಲವೋ ಅಳೆಯುತ್ತಾರೆ; ಹಳೆಯ ದಸ್ತಾವೇಜುಗಳೆಲ್ಲ ಎಕರೆಯಲ್ಲಿಯೇ ಇರುವಾಗ, ಸರ್ಕಾರದ ಕಡತವೇ ಎಕರೆಯನ್ನು ಬಿಡದಿರುವಾಗ, ರೈತನು ಹೆಕ್ಟೇರಿಗೆ ಹೋಗಿ ಪಡೆಯುವ ಲಾಭವೇನು? ಆಜ್ಞೆ ಮಾಡಿದವನೇ ಪಾಲಿಸದ ನಿಯಮವನ್ನು ಬೇರೆ ಯಾರೂ ಪಾಲಿಸುವುದಿಲ್ಲ. ಹಾಗೆಯೇ ಯಾರಿಗೂ ಕೇಡು ಮಾಡದ ಮೊಳದ ಲೆಕ್ಕವನ್ನು ಅದರ ಪಾಡಿಗೆ ಬಿಟ್ಟದ್ದೂ ವಿವೇಕವೇ.

ಪಹಣಿಯ ಮಾತು ಬಂದುದರಿಂದ ನಮ್ಮ ಕಾಲದ ಇನ್ನೊಂದು ನಿದರ್ಶನವನ್ನು ಇಲ್ಲಿಯೇ ಹೇಳಬಹುದು. ಕರ್ನಾಟಕದಲ್ಲಿ ಶತಮಾನದ ತಿರುವಿನಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯಲ್ಲಿ, ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಅದಕ್ಕೆ ಮುಂಚೆಯೂ ಗಣಕೀಕರಣದ ಪ್ರಯತ್ನಗಳು ನಡೆದಿದ್ದವು. ಆದರೆ ಕೈಬರಹದ ಪುಸ್ತಕವೂ ಜೊತೆಯಲ್ಲಿ ಜೀವಂತವಾಗಿದ್ದಷ್ಟು ಕಾಲ ಕಂಪ್ಯೂಟರಿನ ದಾಖಲೆ ಅಲಂಕಾರ ಮಾತ್ರವಾಗಿ ಉಳಿಯುತ್ತಿತ್ತು. ಈ ಸಲ ತಾಲ್ಲೂಕು ತಾಲ್ಲೂಕಾಗಿ ಕೇಂದ್ರಗಳು ಸಿದ್ಧವಾದಂತೆ, ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಲಾಯಿತು. ಗೊತ್ತಾದ ದಿನ, ಹಂತಹಂತದ ಕ್ರಮ, ಹಳೆಯದರ ಮುಚ್ಚುಗಡೆ, ಇವೆಲ್ಲ ಇಲ್ಲಿಯೂ ಇವೆ. ಎಕರೆ ಗುಂಟೆಗಳನ್ನು ಮುಟ್ಟದಿದ್ದ ಸಂಯಮವೂ ಇದೆ. ಹದಿನೈದು ರೂಪಾಯಿಗೆ, ಯಾರ ಮರ್ಜಿಯನ್ನೂ ಕಾಯದೆ, ಪಹಣಿಯ ಪ್ರತಿ ದೊರೆಯುವಂತಾದದ್ದು ಸಣ್ಣ ಲಾಭವಲ್ಲ. ಊರಿನಲ್ಲಿಯೇ ಸಿಗುತ್ತಿದ್ದ ಕಾಗದಕ್ಕಾಗಿ ರೈತನು ತಾಲ್ಲೂಕಿನ ಪಟ್ಟಣಕ್ಕೆ ಬಸ್ಸು ಹತ್ತಬೇಕಾದದ್ದು ಅದರ ವೆಚ್ಚ. ಕಾಲಾಣೆಯ ಗಿರಾಕಿಯ ಸ್ಥಾನದಲ್ಲಿ ಇಲ್ಲಿ ನಿಂತವನು ದೂರದ ಹಳ್ಳಿಯ ಸಣ್ಣ ಹಿಡುವಳಿದಾರ.

ಇದೆಲ್ಲ ಸರ್ಕಾರಗಳ ಮಾತಾಯಿತು. ಒಂದು ಬ್ಯಾಂಕು, ಒಂದು ಕಾರ್ಖಾನೆ, ಒಂದು ಶಾಲೆಯನ್ನು ನಡೆಸುವವರಿಗೂ ಇದರ ತಾತ್ಪರ್ಯ ಬೇರೆಯಲ್ಲ. ಕಛೇರಿಗೆ ಹೊಸ ವ್ಯವಸ್ಥೆ ಬರುತ್ತದೆ. ಮೇಲಿನವರು ಭಾಷಣ ಮಾಡುತ್ತಾರೆ. ಎರಡು ದಿನದ ತರಬೇತಿಯಾಗುತ್ತದೆ. ಆಮೇಲೆ ಗುಮಾಸ್ತನು ಕಂಪ್ಯೂಟರಿನಲ್ಲಿ ಒಮ್ಮೆ, ರಿಜಿಸ್ಟರಿನಲ್ಲಿ ಒಮ್ಮೆ, ಒಂದೇ ಲೆಕ್ಕವನ್ನು ಎರಡು ಸಲ ಬರೆಯುತ್ತ ವರ್ಷಗಳನ್ನು ಕಳೆಯುತ್ತಾನೆ. ಏಕೆಂದರೆ ರಿಜಿಸ್ಟರನ್ನು ಮುಚ್ಚುವ ಆಜ್ಞೆಗೆ ಸಹಿ ಹಾಕುವ ಧೈರ್ಯ ಯಾರಿಗೂ ಇಲ್ಲ. ಕೆಲಸ ಇಮ್ಮಡಿಯಾದವನು ಗೊಣಗಿದರೆ ಅವನಿಗೆ ಹಳೆಯ ಕಾಲದವನೆಂಬ ಬಿರುದು. ಹಳೆಯ ರಿಜಿಸ್ಟರಿನ ಯಾವ ಕಾಲಮ್ಮು ಯಾತಕ್ಕಾಗಿ ಹುಟ್ಟಿತೆಂಬುದು ತಿಳಿದಿರುವವನು ಅವನೊಬ್ಬನೇ. ಹೊಸದನ್ನು ರಚಿಸುವಾಗ ಅವನನ್ನು ಕೂಡಿಸಿಕೊಂಡು ಕೇಳಿದ್ದರೆ ಅವನ ವಿದ್ಯೆ ಹೊಸದರ ಒಳಗೆ ಬಾಳುತ್ತಿತ್ತು, ಅವನೂ ಅದನ್ನು ತನ್ನದೆಂದುಕೊಳ್ಳುತ್ತಿದ್ದನು.

ಹಳೆಯ ನಾಲ್ಕಾಣೆಯ ಉತ್ತರಾಧಿಕಾರಿಯಾದ 25 ಪೈಸೆಯ ನಾಣ್ಯವೂ 2011ರ ಜೂನ್ ತಿಂಗಳೊಂದಿಗೆ ಚಲಾವಣೆಯಿಂದ ಹೋಯಿತು. ಅದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ. 1871ರ ಶಾಸನಕ್ಕೂ 1956ರ ಶಾಸನಕ್ಕೂ ವಿಚಾರದಲ್ಲಿ ಭೇದ ಅತ್ಯಲ್ಪ, ಫಲದಲ್ಲಿ ಅಜಗಜಾಂತರ. ಎರಡನೆಯದನ್ನು ನಡೆಸಿದವರು ಬದಲಾಯಿಸಬಾರದ್ದನ್ನು ಮೊದಲು ಗುರುತಿಸಿದರು, ದಿನವನ್ನು ಗೊತ್ತುಮಾಡಿ ಅದಕ್ಕೆ ಬದ್ಧರಾದರು, ಲೆಕ್ಕವನ್ನು ಎಲ್ಲರೂ ಕಾಣುವಂತೆ ಗೋಡೆಗೆ ಹಚ್ಚಿದರು, ಹಳೆಯದನ್ನು ಸಕಾಲದಲ್ಲಿ ಮುಚ್ಚಿದರು. ಕಾಲಾಣೆಯ ಗಿರಾಕಿಯ ವಿಷಯದಲ್ಲಿ ಮಾತ್ರ ಎಡವಿದರು. ಹೊಸ ಯೋಜನೆಯೊಂದನ್ನು ಕೈಗೆತ್ತಿಕೊಳ್ಳುವ ಯಾವನೇ ಅಧಿಕಾರಿಯಾಗಲಿ, ಸಂಸ್ಥೆಯ ಮುಖ್ಯಸ್ಥನಾಗಲಿ, ತನ್ನ ಕೋಷ್ಟಕವನ್ನು ಹೊರಡಿಸುವ ಮೊದಲು ಅದರ ಅತ್ಯಂತ ಕೆಳಗಿನ ಸಾಲನ್ನು ತಾನೇ ಕೂತು ಲೆಕ್ಕಹಾಕಿ ನೋಡಲಿ. ಅಲ್ಲಿ ನಷ್ಟ ಕಂಡರೆ ಅದನ್ನು ತನ್ನ ಖಜಾನೆಯಿಂದ ತುಂಬಿಕೊಟ್ಟು ಆಮೇಲೆ ಮುಂದುವರಿಯಲಿ.